ಭಾಲ್ಕಿ ಶಾಖೆಯ ಗೋಡೆಯ ಮೇಲಿನ ಫೋಟೊ

ನಾನು ಲಂಚ ತಿಂದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಇಲಾಖೆಯಿಂದ ನಿವೃತ್ತರಾದ ಪ್ರತಿಯೊಬ್ಬರೂ ಇದನ್ನೇ ಹೇಳುತ್ತಾರೆ, ಕೇಳುವವರು ಒಳಗೊಳಗೇ ನಗುತ್ತಾರೆ ಎಂಬುದೂ ಗೊತ್ತು. ನಕ್ಕರೆ ನಗಲಿ. ತಪಾಸಣೆಗೆ ಹೋದ ಕಡೆ ನಾನು ಚಹಾ ಸಹ ಮುಟ್ಟುತ್ತಿರಲಿಲ್ಲ. ಬೀದರಿನ ಚಿದ್ರಿಯ ನಮ್ಮ ಮನೆಯಿಂದ ಎರಡು ಜೋಳದ ರೊಟ್ಟಿ, ಪುಂಡಿಪಲ್ಲೆ ಡಬ್ಬಿಗೆ ಕಟ್ಟಿಸಿಕೊಂಡು ಭಾಲ್ಕಿಗೋ ಔರಾದಿಗೋ ಸರ್ಕಾರಿ ಬಸ್ಸಿನಲ್ಲಿ ಹೋಗುತ್ತಿದ್ದೆ, ಸರ್ಕಾರಿ ಬಸ್ಸಿನಲ್ಲೇ ಮರಳುತ್ತಿದ್ದೆ. ಕಚೇರಿಯಲ್ಲಿ ನನಗೆ ‘ಡಬ್ಬಿ ಸಾಹೇಬ’ ಎಂದು ಹೆಸರಿಟ್ಟಿದ್ದರು. ಅದು ಗೇಲಿಯ ಹೆಸರು. ನಾನು ಮಾತ್ರ ಅದನ್ನು ಬಿರುದಿನಂತೆ ಹೊತ್ತುಕೊಂಡು ತಿರುಗಿದೆ.

ನನ್ನ ಕೆಲಸವನ್ನು ಸರಳವಾಗಿ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಬ್ಯಾಂಕುಗಳಿರುವಂತೆಯೇ ಠೇವಣಿ ತೆಗೆದುಕೊಂಡು ಸಾಲ ಕೊಡುವ ಸಹಕಾರ ಸಂಘಗಳೂ ಇವೆ. ಅಲ್ಲಿಯೂ ಗಾಜಿನ ಕೌಂಟರು, ಪಾಸ್‌ಬುಕ್ಕು, ಗೋಡೆಗೆ ಗಡಿಯಾರ ಇರುತ್ತವೆ. ಬಡ್ಡಿ ಬ್ಯಾಂಕಿಗಿಂತ ತುಸು ಹೆಚ್ಚು. ಮ್ಯಾನೇಜರು ಗುರುತಿನವನಾಗಿರುತ್ತಾನೆ, ಕನ್ನಡ, ಮರಾಠಿ, ಉರ್ದು ಯಾವುದರಲ್ಲಿ ಕೇಳಿದರೂ ಉತ್ತರ ಕೊಡುತ್ತಾನೆ. ಈ ಸಂಘಗಳು ಜನರ ದುಡ್ಡನ್ನು ಸರಿಯಾಗಿ ಇಟ್ಟುಕೊಂಡಿವೆಯೇ ಎಂದು ನೋಡಲು ಸರ್ಕಾರ ನಮ್ಮಂಥವರನ್ನು ಇಟ್ಟಿತ್ತು. ನಾವು ಠೇವಣಿದಾರರ ಕಾವಲುಗಾರರು ಎಂದು ತರಬೇತಿಯಲ್ಲಿ ಹೇಳಿದ್ದರು. ಅಲ್ಲಿ ಆ ಮಾತು ಕೇಳಿ ನನ್ನ ಎದೆ ಉಬ್ಬಿತ್ತು.

ಕಾವಲು ಹೇಗಿತ್ತು ಎಂದರೆ, ಹದಿನೈದು ದಿನ ಮೊದಲು ನೋಟಿಸು ಕಳಿಸಿ ತಪಾಸಣೆಗೆ ಹೋಗುವುದು. ಇಂಥ ದಿನ ಬರುತ್ತೇವೆ ಎಂದು ಚೀಟಿ ಕಳಿಸಿ ದಾಳಿ ಮಾಡುವ ಪೊಲೀಸರನ್ನು ಯಾರಾದರೂ ಕಂಡಿದ್ದೀರಾ? ನಾವು ಹೋಗುವಷ್ಟರಲ್ಲಿ ಶಾಖೆಗೆ ಹೊಸ ಸುಣ್ಣ ಬಿದ್ದಿರುತ್ತಿತ್ತು, ರಿಜಿಸ್ಟರುಗಳಿಗೆ ಹೊಸ ರಟ್ಟು ಹಾಕಿರುತ್ತಿತ್ತು. ನಾವು ನೋಡಿ ವರದಿ ಬರೆಯುತ್ತಿದ್ದೆವು. ವರದಿಯ ಕೊನೆಗೆ ಸಂಘಕ್ಕೆ ಅ, ಬ, ಕ, ಡ ಎಂದು ಒಂದು ದರ್ಜೆ. ಒಂದು ಪ್ರತಿ ಸಂಘಕ್ಕೆ, ಒಂದು ಮೇಲಿನ ಕಚೇರಿಗೆ, ಒಂದು ನಮ್ಮ ಕಪಾಟಿಗೆ. ಯಾರ ದುಡ್ಡಿನ ವಿಷಯ ಅದರಲ್ಲಿ ಇರುತ್ತಿತ್ತೋ ಅವರಿಗೆ ಪ್ರತಿ ಇಲ್ಲ.

ಹಾಗೆಂದು ಅವರಿಂದ ಮುಚ್ಚಿಡಬೇಕು ಎಂದು ನಿಯಮವೇನೂ ಇರಲಿಲ್ಲ. ವಾರ್ಷಿಕ ಸಭೆಯಲ್ಲಿ ವರದಿಯನ್ನು ಓದಿ ಹೇಳಬೇಕು. ನಮ್ಮ ಕಡೆಯ ವಾರ್ಷಿಕ ಸಭೆ ಎಂದರೆ ಶಿರಾ, ಪೂರಿ, ಬಟಾಟೆ ಪಲ್ಲೆ. ಹಿಂದೆ ಪೂರಿ ಕರಿಯುವ ವಾಸನೆ ಬರುತ್ತಿರುವಾಗ ಯಾರಿಗೆ ವರದಿ ಬೇಕು? ಕಾರ್ಯದರ್ಶಿ ಎದ್ದು ನಿಂತು, ವರದಿ ಕಚೇರಿಯಲ್ಲಿದೆ, ಬೇಕಾದವರು ಬಂದು ನೋಡಬಹುದು, ಓದಿದಂತೆ ಭಾವಿಸೋಣ ಎನ್ನುತ್ತಿದ್ದ. ಎಲ್ಲರೂ ಕೈ ಎತ್ತುತ್ತಿದ್ದರು. ‘ವರದಿಯನ್ನು ಓದಿದಂತೆ ಭಾವಿಸಿ ಅಂಗೀಕರಿಸಲಾಯಿತು’ ಎಂಬ ವಾಕ್ಯವನ್ನು ನನ್ನ ನೌಕರಿಯಲ್ಲಿ ನಾನು ಎಷ್ಟು ನಡಾವಳಿ ಪುಸ್ತಕಗಳಲ್ಲಿ ಕಂಡಿದ್ದೇನೋ. ಅದರ ಪಕ್ಕದಲ್ಲಿ ಹಸಿರು ಶಾಯಿಯ ಗುರುತು ಹಾಕಿ ಮುಂದಿನ ಪುಟಕ್ಕೆ ಹೋಗಿದ್ದೇನೆ.

ನಾನು ಹೇಳಹೊರಟ ಸಂಘದ ಮುಖ್ಯ ಶಾಖೆ ಭಾಲ್ಕಿಯಲ್ಲಿತ್ತು. ಬೀದರಿನಲ್ಲೂ ಔರಾದಿನಲ್ಲೂ ಒಂದೊಂದು ಚಿಕ್ಕ ಶಾಖೆ. ಅಧ್ಯಕ್ಷ ಬಿಳಿ ಬಟ್ಟೆಯ, ಮೆತ್ತನೆ ಮಾತಿನ ಮನುಷ್ಯ. ಎದುರಿಗೆ ಬಂದವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೇ ಮಾತನಾಡುತ್ತಿದ್ದ. ಆ ವರ್ಷ ಅದರ ತಪಾಸಣೆ ನನ್ನ ಪಾಲಿಗೆ ಬಂತು.

ಮೂರನೇ ದಿನ ನನ್ನ ಕಣ್ಣಿಗೆ ಒಂದು ಸರ್ವೆ ನಂಬರು ಬಿತ್ತು. ಔರಾದ ತಾಲ್ಲೂಕಿನ ಎಕಂಬಾದ ಒಂದು ಹೊಲವನ್ನು ಮೂರು ಬೇರೆ ಬೇರೆ ಸಾಲಗಳಿಗೆ ಭದ್ರತೆ ಎಂದು ತೋರಿಸಿದ್ದರು. ಸಾಲ ತೆಗೆದುಕೊಂಡ ಮೂವರೂ ಅಧ್ಯಕ್ಷನ ಬೀಗರು, ಭಾಮೈದರು. ಬೇರೆಯವರಾಗಿದ್ದರೆ ಕಾಗದ ನೋಡಿ ಬಿಟ್ಟುಬಿಡುತ್ತಿದ್ದರು. ನಾನು ಡಬ್ಬಿ ಸಾಹೇಬ, ಬಿಡುತ್ತೇನೆಯೇ? ಮರುದಿನ ಬಸ್ಸು ಹತ್ತಿ ಎಕಂಬಾಕ್ಕೆ ಹೋದೆ. ಹೊಲದಲ್ಲಿ ತೊಗರಿ ಕೊಯ್ಯುತ್ತಿದ್ದ ಹೆಣ್ಣುಮಗಳೊಬ್ಬಳು ಕುಡುಗೋಲು ಕೆಳಗಿಟ್ಟು ನನ್ನ ಮಾತು ಕೇಳಿದಳು. ಹೊಲ ಅವರದೇ.

“ಈ ಹೊಲದ ಮ್ಯಾಲ ನಾವು ಎಲ್ಲೂ ಸಾಲ ತಗೊಂಡಿಲ್ರಿ” ಎಂದಳು. “ಯಾರರ ನಮ್ಮ ಹೆಸರ ಮ್ಯಾಲ ಬರಸ್ಕೊಂಡಾರೇನ್ರಿ? ಹಂಗಿದ್ರ ನೀವ ಏನರ ಮಾಡ್ರಿ. ಸರ್ಕಾರದವ್ರು ಹೊಲದ ತನಕ ಬಂದೀರಿ ಅಂದ್ರ ನಮಗ ಭರೋಸಾ ಬಂತು ನೋಡ್ರಿ.”

ಮಾಡುತ್ತೇನೆ ಎಂದೆ. ಮರಳುವ ಬಸ್ಸಿನಲ್ಲಿ ನನಗೆ ಎಷ್ಟು ಹೆಮ್ಮೆ ಎಂದರೆ, ಪಕ್ಕದಲ್ಲಿ ಕುಳಿತವನಿಗೆ ಕಾರಣವಿಲ್ಲದೆ ಮುಗುಳ್ನಕ್ಕೆ. ಆ ಹೊಲದ ವಿಷಯ, ಬೀಗರ ಸಾಲದ ವಿಷಯ ಎಲ್ಲವನ್ನೂ ವರದಿಯಲ್ಲಿ ಎರಡು ಪುಟ ಬರೆದೆ. ಈಗಲೂ ಆ ಎರಡು ಪುಟ ಓದಿದರೆ ಒಂದಕ್ಷರ ತೆಗೆಯಬೇಕು ಎನ್ನಿಸುವುದಿಲ್ಲ. ಅದು ನಿಜವಾದ ವರದಿ.

ಆಮೇಲೆ ದರ್ಜೆಯ ಪ್ರಶ್ನೆ ಬಂತು. ದರ್ಜೆಗೆ ಅಂಕಗಳ ಒಂದು ಪಟ್ಟಿ ಇರುತ್ತದೆ. ಸಭೆ ನಡೆದಿದೆಯೇ, ಅಂಕ. ರಿಜಿಸ್ಟರು ಬರೆದಿದೆಯೇ, ಅಂಕ. ಭದ್ರತೆಯ ಕಾಗದ ಇದೆಯೇ, ಅಂಕ. ಆ ಕಾಗದ ಸುಳ್ಳೇ ಎಂದು ಪಟ್ಟಿ ಕೇಳುವುದಿಲ್ಲ. ಕೂಡಿಸಿದರೆ ‘ಬ’ ಬಂತು. ಪಟ್ಟಿಯನ್ನು ಬದಿಗಿಟ್ಟು, ಕಾರಣ ಬರೆದು ‘ಡ’ ಹಾಕುವ ಅಧಿಕಾರ ನನಗಿತ್ತು. ಹಾಕುತ್ತೇನೆ ಎಂದು ನನ್ನ ಮೇಲಧಿಕಾರಿಯ ಬಳಿ ಹೋದೆ. ಅವರೂ ಕೆಟ್ಟವರಲ್ಲ. ಕನ್ನಡಕ ತೆಗೆದು, ಒರೆಸಿಕೊಳ್ಳುತ್ತ ಹೇಳಿದರು:

“ಡ ಹಾಕ್ರಿ, ಬ್ಯಾಡ ಅನ್ನೋದಿಲ್ಲ ನಾ. ನಾಳಿ ಸುದ್ದಿ ಹೊಂಟ್ರ ಭಾಲ್ಕಿ ಜನ ಎಲ್ಲಾ ಶಾಖಾದ ಮುಂದ ಬಂದು ನಿಂದರ್ತಾರ. ಒಂದ ದಿನದಾಗ ಸಂಘ ಮುಳುಗ್ತದ. ಮುಳುಗಿಸ್ದವ್ರು ಯಾರು ಅಂದ್ರ ನಿಮ್ಮ ಹೆಸರ ಹೇಳ್ತಾರ್ರಿ. ಬ ಇರ್ಲಿ. ದೋಷ ತೆಗೀರಿ ಅಂತ ಬರೀರಿ, ಟೈಮ್ ಕೊಡ್ರಿ, ಮುಂದಿನ ವರ್ಷ ನೋಡೂಣು.”

ಈ ಮಾತಿನಲ್ಲಿ ಬುದ್ಧಿ ಇರಲಿಲ್ಲ ಎಂದು ಹೇಳಲಾರೆ. ಕಾವಲುಗಾರ ಕೂಗಿದ್ದಕ್ಕೇ ಜನ ಓಡಿ ತುಳಿದುಕೊಂಡು ಸಾಯಬಹುದು ಎಂಬ ಭಯ ನಮ್ಮ ಕೆಲಸದಲ್ಲಿ ಯಾವಾಗಲೂ ಇರುತ್ತದೆ. ಆದರೆ ಕೂಗದೇ ಇದ್ದರೆ ಏನಾಗುತ್ತದೆ ಎಂಬುದನ್ನು ಯಾವ ಸುತ್ತೋಲೆಯೂ ಕೇಳಿಲ್ಲ. ನಾನು ‘ಬ’ ಹಾಕಿದೆ. ಕೆಳಗೆ, ‘ಮೇಲ್ಕಂಡ ದೋಷಗಳನ್ನು ಸರಿಪಡಿಸಿ ಮೂರು ತಿಂಗಳೊಳಗೆ ಅನುಪಾಲನಾ ವರದಿ ಸಲ್ಲಿಸತಕ್ಕದ್ದು’ ಎಂದು ಬರೆದೆ.

ವರದಿಯ ಪ್ರತಿ ಕೊಡಲು ಭಾಲ್ಕಿಗೆ ಹೋದ ದಿನದ್ದೇ ಈ ಕಥೆಯೆಲ್ಲ. ಲಕೋಟೆ ಕೊಟ್ಟು ಎದ್ದೆ. ಅಧ್ಯಕ್ಷ ಎರಡೂ ಕೈಯಲ್ಲಿ ನನ್ನ ಕೈ ಹಿಡಿದ. ಹಿಂದೆ ಯಾರೋ ತಟ್ಟೆ ತಂದರು. ಅದರಲ್ಲಿ ತೆಂಗಿನಕಾಯಿ, ಗುಲಾಬಿ ಹಾರ, ಮಡಿಸಿಟ್ಟ ಒಂದು ಶಾಲು.

ಬೇಡ ಎಂದೆ. ನಿಯಮದಲ್ಲಿ ಇಲ್ಲ ಎಂದೆ.

“ಸಾಹೇಬ್ರ, ಎಂಟ ದಿನ ಕುಂತ್ರೂ ನಮ್ಮ ಚಾ ಸೈತ ಕುಡೀಲಿಲ್ಲ ನೀವು” ಎಂದ ಅಧ್ಯಕ್ಷ. “ನಾವೇನು ರೊಕ್ಕ ಕೊಡ್ಲತ್ತೇವೇನ್ರಿ? ಮಾನ ಕೊಡ್ಲತ್ತೇವ್ರಿ. ನಿಮ್ಮಂಥ ಪ್ರಾಮಾಣಿಕ ಅಧಿಕಾರಿ ನಮ್ಮ ಶಾಖಾಕ್ಕ ಬಂದು ಹಂಗ ಹೋದ್ರ ನಾಕ ಮಂದ್ಯಾಗ ನಾವು ಮಾರಿ ಹ್ಯಾಂಗ ತೋರಿಸ್ಬೇಕ್ರಿ?”

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಯಾರು ಬಂದರೂ ಶಾಲು. ಹತ್ತನೇ ತರಗತಿ ಪಾಸಾದವನಿಗೆ ಶಾಲು, ವರ್ಗವಾಗಿ ಹೋಗುವವನಿಗೆ ಶಾಲು, ಅವನ ಜಾಗಕ್ಕೆ ಬರುವವನಿಗೂ ಶಾಲು. ಕೊಟ್ಟ ದುಡ್ಡನ್ನು ಬೇಡ ಎಂದರೆ ದೊಡ್ಡ ಮನುಷ್ಯನಾಗುತ್ತೀರಿ, ಹೊದಿಸಲು ಬಂದ ಶಾಲನ್ನು ಬೇಡ ಎಂದರೆ ಸೊಕ್ಕಿನವರಾಗುತ್ತೀರಿ. ಇದೆಲ್ಲ ನೆಪ. ನಿಜ ಹೇಳಬೇಕೆಂದರೆ ‘ಪ್ರಾಮಾಣಿಕ ಅಧಿಕಾರಿ’ ಎಂಬ ಮಾತು ನನ್ನ ಕಿವಿಗೆ ಹಿತವಾಗಿ ಬಿತ್ತು. ಆ ಮಾತನ್ನು ನನ್ನ ಕಚೇರಿಯಲ್ಲಿ ಯಾರೂ ಹೇಳಿರಲಿಲ್ಲ. ಕುತ್ತಿಗೆ ಬಗ್ಗಿಸಿದೆ. ಶಾಲು ಬಂತು, ಹಾರ ಬಂತು. ಬೀದಿಯ ಸ್ಟುಡಿಯೋದವನು ಆಗಲೇ ಕ್ಯಾಮೆರಾ ಹಿಡಿದು ನಿಂತಿದ್ದ. ಶಾಲನ್ನು ತಾಯಿಗೆ ಕೊಟ್ಟೆ, ಫೋಟೊವನ್ನು ಮರೆತೆ.

ತಾಯಿ ಎಂದ ಕೂಡಲೇ ಸಿಸ್ಟರ್ ನೆನಪಾಗುತ್ತಾರೆ. ಅವರು ಮಿಶನ್ ಆಸ್ಪತ್ರೆಯಲ್ಲಿ ನರ್ಸಾಗಿದ್ದರು. ಮೆಥಡಿಸ್ಟ್ ಕ್ರೈಸ್ತರು. ಮದುವೆಯಾಗಲಿಲ್ಲ, ಮೂವತ್ತು ವರ್ಷಕ್ಕೂ ಮಿಕ್ಕಿ ಆಸ್ಪತ್ರೆಯ ಕ್ವಾರ್ಟರ್ಸಿನ ಒಂದೂವರೆ ಕೋಣೆಯಲ್ಲಿ ಕಳೆದರು. ನನ್ನ ತಾಯಿ ಸೊಂಟ ಮುರಿದುಕೊಂಡು ಮಲಗಿದಾಗ ಡ್ಯೂಟಿ ಮುಗಿಸಿ ನಮ್ಮ ಮನೆಗೇ ಬಂದು ಮೈ ಒರೆಸಿ, ಮಗ್ಗಲು ಬದಲಿಸಿ ಹೋಗುತ್ತಿದ್ದರು. ದುಡ್ಡು ಕೊಡಲು ಹೋದರೆ ಬೈಯುತ್ತಿದ್ದರು. ನಮ್ಮ ತಾಯಿ ಅವರನ್ನು ‘ನನ್ನ ಹಿರೇ ಮಗಳು’ ಎಂದೇ ಎಲ್ಲರಿಗೂ ಹೇಳುತ್ತಿದ್ದಳು.

ಸಿಸ್ಟರಿಗೆ ಬದುಕಿನಲ್ಲಿ ಒಂದೇ ಆಸೆ. ಯಾರೂ ‘ಖಾಲಿ ಮಾಡಿ’ ಎನ್ನದಂಥ ಒಂದು ಮನೆ. ನಮ್ಮ ಮನೆಯಿಂದ ಎರಡು ಗಲ್ಲಿ ಹಿಂದೆ ಒಂದು ಚಿಕ್ಕ ಪ್ಲಾಟು ಕೊಂಡಿದ್ದರು. ನಿವೃತ್ತಿಗೆ ಮುಂಚೆ, ಉಳಿಸಿದ್ದರಲ್ಲಿ ತಳಪಾಯ ಹಾಕಿಸಿ, ಗೋಡೆಯನ್ನು ಕಿಟಕಿಯ ಮೇಲಿನ ಮಟ್ಟದವರೆಗೆ ಎಬ್ಬಿಸಿದರು. ಉಳಿದದ್ದು ಸ್ಲ್ಯಾಬು. ನಿವೃತ್ತಿಯ ಹಣ ಬಂದಾಗ ಮೇಸ್ತ್ರಿ ಲೆಕ್ಕ ಹಾಕಿ, ಇನ್ನೂ ಸ್ವಲ್ಪ ಬೇಕು ಎಂದ. ಸಿಸ್ಟರ್ ಪ್ಲಾಟಿನ ಪಕ್ಕದಲ್ಲೇ ಒಂದು ಬಾಡಿಗೆಯ ಕೋಣೆಗೆ ಹೋದರು. “ಎರಡ ವರ್ಷ ಅಷ್ಟ ಅಣ್ಣಾರ” ಎಂದು ನನಗೆ ಹೇಳಿದರು. “ರೊಕ್ಕ ಛಲೋ ಕಡೆ ಇಟ್ಟೇನಿ. ಬಡ್ಡ್ಯಾಗ ಕಬ್ಬಿಣ ಬರ್ತದ. ಆಮ್ಯಾಲ ಒಂದ ಸಲಕ್ಕ ಸ್ಲ್ಯಾಬ್ ಹೊಡಸ್ತೇನಿ.”

ಛಲೋ ಕಡೆ ಎಂದರೆ ಎಲ್ಲಿ ಎಂದು ನಾನು ಕೇಳಲಿಲ್ಲ.

ಇದನ್ನು ಬರೆಯುವಾಗಲೂ ಕೈ ನಿಲ್ಲುತ್ತದೆ. ಜಿಲ್ಲೆಯ ಯಾವ ಸಂಘದ ಒಳಗೆ ಹುಳು ಬಿದ್ದಿದೆ ಎಂದು ಬಲ್ಲ ಬೆರಳೆಣಿಕೆಯ ಜನರಲ್ಲಿ ನಾನೊಬ್ಬ. ಎರಡು ಗಲ್ಲಿ ಆಚೆ ಇದ್ದ, ನನ್ನ ತಾಯಿಯ ಹೇಲು ಬಳಿದ ಹೆಂಗಸು ದುಡ್ಡು ಇಟ್ಟಿದ್ದೇನೆ ಎನ್ನುತ್ತಿದ್ದಾಳೆ. ನಾನು ತಲೆಯಾಡಿಸಿ, ಸಿಮೆಂಟು ಯಾವ ಅಂಗಡಿಯಲ್ಲಿ ಅಗ್ಗ ಎಂದು ಸಲಹೆ ಕೊಡುತ್ತಿದ್ದೇನೆ. ಇನ್ನೊಬ್ಬರ ದುಡ್ಡು ಎಲ್ಲಿದೆ ಎಂದು ಕೇಳುವುದು ಸಭ್ಯತೆಯಲ್ಲ ಎಂದು ನಮ್ಮ ಮನೆಯಲ್ಲಿ ಕಲಿಸಿದ್ದರು. ಕಚೇರಿಯ ಗುಟ್ಟು ಹೊರಗೆ ಹೇಳಬಾರದು ಎಂದು ಇಲಾಖೆ ಕಲಿಸಿತ್ತು. ಎರಡೂ ಸೇರಿ ನನ್ನ ಬಾಯಿ ಹೊಲಿದಿದ್ದವು.

ಅತ್ತ ಸಂಘದಿಂದ ಅನುಪಾಲನಾ ವರದಿ ಬರಲಿಲ್ಲ. ಜ್ಞಾಪನ ಬರೆದೆ. ‘ಕ್ರಮ ಕೈಗೊಳ್ಳಲಾಗುತ್ತಿದೆ’ ಎಂಬ ಒಂದು ಸಾಲಿನ ಉತ್ತರ ಬಂತು. ಎರಡನೇ ಜ್ಞಾಪನ ಬರೆದೆ, ಅದೇ ಸಾಲು. ಮೂರನೆಯದನ್ನು ಕೆಂಪು ಶಾಯಿಯಲ್ಲಿ ‘ಅತಿ ತುರ್ತು’ ಎಂದು ಬರೆದು ಕಳಿಸಿದೆ. ಮೇಲಿನ ಕಚೇರಿಗೂ ಬರೆದೆ. ಅಲ್ಲಿಂದ, ಮೂರು ಜ್ಞಾಪನಗಳ ಪ್ರತಿಗಳನ್ನು ದೃಢೀಕರಿಸಿ ಕಳಿಸಿ ಎಂದು ಪತ್ರ ಬಂತು. ದೃಢೀಕರಿಸಿ ಕಳಿಸಿದೆ. ನನ್ನ ಕಡತ ಬರಾಬರ್ ಇತ್ತು, ಒಂದು ಪುಟವೂ ಹೆಚ್ಚುಕಡಿಮೆ ಇರಲಿಲ್ಲ. ಆ ಕಡತ ದಪ್ಪವಾಗುತ್ತಿದ್ದ ಅಷ್ಟೂ ತಿಂಗಳು ಸಂಘ ಹೊಸ ಠೇವಣಿ ತೆಗೆದುಕೊಳ್ಳುತ್ತಲೇ ಇತ್ತು.

ಒಂದು ಸೋಮವಾರ ಭಾಲ್ಕಿಯ ಶಾಖೆ ಬಾಗಿಲು ತೆರೆಯಲಿಲ್ಲ. ಅಧ್ಯಕ್ಷನ ಮನೆಗೂ ಬೀಗ.

ಶಾಖೆಯ ಬೀಗ ಒಡೆದು, ಒಳಗಿದ್ದ ವಸ್ತುಗಳ ಪಂಚನಾಮೆ ಮಾಡಿ, ಮೊಹರು ಹಾಕಿ ಬರಲು ನನ್ನನ್ನೇ ಕಳಿಸಿದರು. ಹಿಂದಿನ ತಪಾಸಣೆ ಮಾಡಿದವರಿಗೆ ಜಾಗ ಗೊತ್ತಿರುತ್ತದಲ್ಲ ಎಂದರು. ಶಟರಿನ ಮುಂದೆ ನೂರಾರು ಜನ. ಪೊಲೀಸರ ನಡುವೆ ಒಳಗೆ ಹೋದೆ. ಜೊತೆಗಿದ್ದ ಗುಮಾಸ್ತ ಒಂದೊಂದನ್ನೇ ಬರೆದುಕೊಳ್ಳತೊಡಗಿದ. ಮೇಜು, ಕುರ್ಚಿ, ತಿಜೋರಿ, ಗೋಡೆ ಗಡಿಯಾರ. ಆಮೇಲೆ ಅವನು ಪೆನ್ನನ್ನು ಗೋಡೆಯತ್ತ ತೋರಿಸಿದ.

“ಸಾಹೇಬ್ರ, ಇದನ್ನೂ ಬರೀಬೇಕೇನ್ರಿ?”

ಕೌಂಟರಿನ ನೇರ ಮೇಲೆ, ದುಡ್ಡು ಕಟ್ಟಲು ನಿಂತವರ ಕಣ್ಣಿಗೆ ಬೀಳುವ ಎತ್ತರದಲ್ಲಿ, ದೊಡ್ಡ ಚೌಕಟ್ಟಿನಲ್ಲಿ ನಾನಿದ್ದೆ. ಮೈಮೇಲೆ ಶಾಲು, ಕೊರಳಲ್ಲಿ ಗುಲಾಬಿ ಹಾರ, ನನ್ನ ಕೈ ಅಧ್ಯಕ್ಷನ ಎರಡೂ ಕೈಯಲ್ಲಿ. ಮುಖದಲ್ಲಿ ನಗೆ. ಕೆಳಗೆ ಚೆನ್ನಾದ ಅಕ್ಷರದಲ್ಲಿ ನನ್ನ ಹುದ್ದೆ, ಮತ್ತು ‘ಸರ್ಕಾರದ ತಪಾಸಣಾಧಿಕಾರಿಗಳಿಂದ ಸಂಘದ ಕಾರ್ಯಕ್ಕೆ ಮೆಚ್ಚುಗೆ’ ಎಂಬ ಸಾಲು. ನಾನು ಮೆಚ್ಚುಗೆ ಸೂಚಿಸಿದ್ದು ಎಲ್ಲಿ? ನಾನು ಸೂಚಿಸಿದ್ದು ದೋಷ. ದೋಷದ ಎರಡು ಪುಟ ಅದೇ ಕೋಣೆಯ ಕಪಾಟಿನಲ್ಲಿ, ಒಮ್ಮೆಯೂ ತೆರೆಯದ ಲಕೋಟೆಯಲ್ಲಿ ಸಿಕ್ಕಿತು. ಅದನ್ನೂ ಬರೆದುಕೊಂಡೆವು, ಫೋಟೊವನ್ನೂ ಬರೆದುಕೊಂಡೆವು.

ಹೊರಗೆ ಬಂದಾಗ ತರಕಾರಿ ಮಾರುವ ಮುದುಕಿಯೊಬ್ಬಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. “ಇವ್ರೇ ನೋಡ್ರಿ, ಫೋಟೊದಾಗ ಇದ್ದವ್ರು” ಎಂದು ಪಕ್ಕದವರಿಗೆ ತೋರಿಸಿದಳು. ಆಮೇಲೆ ನನ್ನತ್ತ ತಿರುಗಿ, “ಸಾಹೇಬ್ರ, ನೀವ ಬಂದ್ರಿ, ಛಲೋ ಆತು. ಈಗ ಬಾಗಿಲಾ ತಗೀತಾರ ಹೌದಿಲ್ರಿ?” ಎಂದಳು. ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಕೆಲವು ತಿಂಗಳ ನಂತರ, ಠೇವಣಿದಾರರ ಅರ್ಜಿ ತೆಗೆದುಕೊಳ್ಳಲು ಬೀದರಿನಲ್ಲಿ ಕೌಂಟರು ತೆರೆದರು. ಅಲ್ಲಿಯೂ ನಾನೇ. ಮೂರನೇ ದಿನ ಮಧ್ಯಾಹ್ನ ಸಾಲಿನಲ್ಲಿ ಸಿಸ್ಟರ್ ನಿಂತಿದ್ದರು. ಇವರು ಯಾರಿಗೋ ಸಹಾಯಕ್ಕೆ ಬಂದಿರಬೇಕು ಎಂದುಕೊಂಡೆ. ದೇವರಾಣೆ, ಹಾಗೆಯೇ ಅಂದುಕೊಂಡೆ. ಅವರು ನನ್ನ ಮುಂದೆ ಕುಳಿತು, ಚೀಲದಿಂದ ಹಳೆಯ ಎಕ್ಸ್-ರೇ ಕವರು ತೆಗೆದು, ಅದರೊಳಗಿಂದ ಠೇವಣಿ ರಸೀದಿ ತೆಗೆದು ಮೇಜಿನ ಮೇಲಿಟ್ಟರು. ಭಾಲ್ಕಿ ಶಾಖೆ. ನಿವೃತ್ತಿಯ ಅಷ್ಟೂ ಹಣ. ತಾರೀಖು ನೋಡಿದೆ. ನನ್ನ ಎರಡನೇ ಜ್ಞಾಪನಕ್ಕೂ ಮೂರನೆಯದಕ್ಕೂ ನಡುವೆ.

“ಸಿಸ್ಟರ್, ನೀವು ಭಾಲ್ಕಿಗೆ ಯಾಕ ಹೋಗಿದ್ರಿ?” ಎಂದೆ.

“ತಂಗಿ ಅಲ್ಲೇ ಸಾಲ್ಯಾಗ ಟೀಚರ್ ಅದಾಳಲ್ರಿ. ಆಕಿ ಮೊಮ್ಮಗಳ ದೀಕ್ಷಾಸ್ನಾನಕ್ಕ ಹೋಗಿದ್ದೆ. ಆಕಿ ಪಾಸ್‌ಬುಕ್ಕಿನ ಕೆಲಸ ಇತ್ತು, ಸಂಗಾಟ ಹೋದೆ.” ಕವರನ್ನು ಚೀಲಕ್ಕೆ ಮರಳಿ ಹಾಕಿದರು. ಆಮೇಲೆ ಮೆಲ್ಲಗೆ ಮುಂದುವರಿಸಿದರು. “ನಿಮ್ಮ ಫೋಟೊ ಕಂಡ್ತು. ನಮ್ಮ ಅಣ್ಣಾರು ನೋಡಿದ್ ಸಂಘ ಅಂದ ಮ್ಯಾಲ ಇನ್ನೇನ್ ನೋಡೋದದ ಅಂದೆ.”

“ನನ್ನ ಒಂದ ಮಾತ ಕೇಳಬಾರದಾಗಿತ್ತೇನ್ರಿ? ಎರಡು ಗಲ್ಲಿ!”

“ಹ್ಯಾಂಗ ಕೇಳಲ್ರಿ? ನೀವ ಶಾಲು ಹೊತ್ತು ನಿಂತೀರಿ. ಇದು ಬರಾಬರ್ ಅದೇನ್ರಿ ಅಂತ ಕೇಳಿದ್ರ ನಿಮ್ಮ ಮ್ಯಾಲೇ ಸಂಶಯ ಪಟ್ಟಾಂಗ ಆಗ್ತಿತ್ತಲ್ರಿ.”

ನಾನು ಕೇಳದೇ ಇದ್ದದ್ದೂ ಮರ್ಯಾದೆಗೆ, ಅವರು ಕೇಳದೇ ಇದ್ದದ್ದೂ ಮರ್ಯಾದೆಗೆ. ಈ ಊರಿನ ಮರ್ಯಾದೆಯ ಮೇಲೆ ನನಗೆ ಆ ಕ್ಷಣ ಹುಟ್ಟಿದ ಹೇಸಿಗೆ ಇನ್ನೂ ಹೋಗಿಲ್ಲ.

ಅರ್ಜಿಯನ್ನು ಅವರೇ ತುಂಬಿದರು. ಜ್ವರದ ಚಾರ್ಟು ಬರೆದು ಬರೆದು ಅವರ ಅಕ್ಷರ ದುಂಡಗಿತ್ತು. ಹನ್ನೊಂದನೇ ಕಲಮಿಗೆ ಬಂದಾಗ ಪೆನ್ನು ಎತ್ತಿದರು. ‘ಯಾರ ಪ್ರೇರಣೆಯಿಂದ ಅಥವಾ ಯಾವ ಮಾಹಿತಿಯ ಮೇರೆಗೆ ಠೇವಣಿ ಇಟ್ಟಿರಿ?’ ಎಂದು ಅಲ್ಲಿ ಅಚ್ಚಾಗಿತ್ತು. ಓದಿದರು, ಅದನ್ನು ಬಿಟ್ಟು ಹನ್ನೆರಡಕ್ಕೆ ಹೋದರು.

“ಬರೀರಿ ಸಿಸ್ಟರ್. ನನ್ನ ಹೆಸರ ಬರೀರಿ” ಎಂದೆ.

“ನಿಮ್ಮ ಹೆಸರ ಬರದ್ರ ನನ್ನ ರೊಕ್ಕ ಬರ್ತಾವೇನ್ರಿ?”

ಇಲ್ಲ ಎಂದು ತಲೆಯಾಡಿಸಿದೆ.

“ಹಂಗಾರ ಬಿಡ್ರಿ. ನಿಮ್ಮ ಮ್ಯಾಲ ವಿಚಾರಣೆ ಬಂದು ನಿಮಗ್ಯಾಕ ತಕಲೀಫ್? ಪಿಂಚಣಿಗೆ ಇನ್ನೂ ಎರಡ ವರ್ಷ ಅದ ನಿಮ್ಮದು.”

ಅರ್ಜಿ ತೆಗೆದುಕೊಂಡು ‘ಸ್ವೀಕರಿಸಲಾಗಿದೆ’ ಎಂಬ ಮೊಹರು ಒತ್ತಿದೆ. ಒತ್ತುವಾಗ ನನಗೆ ಏನೆನ್ನಿಸಿತು ಎಂಬುದನ್ನು ನನ್ನ ಹೆಂಡತಿಗೂ ಹೇಳಿಲ್ಲ. ನನಗೆ ಹಾಯೆನ್ನಿಸಿತು. ಅವರ ಮನೆ ಹೋಗಿತ್ತು, ನನ್ನ ಪಿಂಚಣಿ ಉಳಿದಿತ್ತು, ಮತ್ತು ನಾನು ನಿರಾಳವಾಗಿ ಉಸಿರು ಬಿಟ್ಟೆ. ಲಂಚ ತಿನ್ನದ ಮನುಷ್ಯ!

ಆ ಚಳಿಗಾಲ ಇಲಾಖೆಗೆ ಒಮ್ಮೆಲೇ ಜನರ ಮೇಲೆ ಪ್ರೀತಿ ಉಕ್ಕಿತು. ‘ಠೇವಣಿ ಇಡುವ ಮುನ್ನ ವಿಚಾರಿಸಿ’ ಎಂದು ಚೀಟಿ ಅಚ್ಚು ಹಾಕಿಸಿ, ಹಳ್ಳಿ ಹಳ್ಳಿಯಲ್ಲಿ ಜಾಗೃತಿ ಶಿಬಿರ ಮಾಡಿ ಎಂದರು. ಜನವಾಡದಲ್ಲಿ ನಾನು ಭಾಷಣ ಮಾಡಿದೆ. ಗೋಡೆ ಮೇಲಿನ ಪ್ರಮಾಣಪತ್ರ ನಂಬಬೇಡಿ, ದೊಡ್ಡವರ ಫೋಟೊ ನಂಬಬೇಡಿ, ತಪಾಸಣಾ ವರದಿ ತೋರಿಸಿ ಎಂದು ಕೇಳಿ, ಕೇಳುವುದು ನಿಮ್ಮ ಹಕ್ಕು ಎಂದೆಲ್ಲ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಭಾಷಣ ಮುಗಿದು ತಿರುಗಿದರೆ ಊರಿನ ಹಿರಿಯರೊಬ್ಬರು ಶಾಲು ಬಿಡಿಸಿ ಹಿಡಿದುಕೊಂಡಿದ್ದರು, ಒಬ್ಬ ಮೊಬೈಲು ಎತ್ತಿ ನಿಂತಿದ್ದ. ನಾನು ಶಾಲನ್ನು ಕೈಯಿಂದ ತಳ್ಳಿಬಿಟ್ಟೆ. ಅದು ಕೆಳಗೆ ಬಿತ್ತು. ಹಿರಿಯರ ಮುಖ ಕಪ್ಪಿಟ್ಟಿತು. ಜೀಪಿನಲ್ಲಿ ಸಹೋದ್ಯೋಗಿ, “ಏನ್ರಿ ನೀವು, ಮಾನ ಕೊಡ್ಲಿಕ್ಕ ಬಂದ್ರ ಹಿಂಗ ಮಾಡೋದಾ?” ಎಂದು ಬೀದರ ಬರುವವರೆಗೂ ಬೈದ. ಬೈಸಿಕೊಂಡೆ.

ಮತ್ತೆ ಕೆಲವು ವಾರಕ್ಕೆ ಸಿಸ್ಟರ್ ಅವರ ಅರ್ಜಿ ಮೇಲಿನ ಕಚೇರಿಯಿಂದ ಹಿಂದಕ್ಕೆ ಬಂತು. ‘ಕಲಂ ಹನ್ನೊಂದು ಖಾಲಿ ಇದೆ. ಅರ್ಜಿ ಅಪೂರ್ಣ. ಪೂರ್ಣಗೊಳಿಸಿ ಮರುಸಲ್ಲಿಸುವುದು’ ಎಂದು ಅಂಚಿನಲ್ಲಿ ಬರೆದಿತ್ತು. ನನ್ನನ್ನು ಉಳಿಸಲು ಬಿಟ್ಟ ಜಾಗ. ಆ ಖಾಲಿ ಜಾಗ ಅವರ ಅರ್ಜಿಯನ್ನು ಅಷ್ಟೂ ವಾರ ಸಾಲಿನಿಂದ ಹೊರಗಿಟ್ಟಿತ್ತು. ಆ ಕಚೇರಿಯ ಕಣ್ಣಿಗೆ ಒಂದೇ ಹೊಲ ಮೂರು ಸಾಲಕ್ಕೆ ಭದ್ರತೆಯಾದದ್ದು ಕಂಡಿರಲಿಲ್ಲ, ಈ ಖಾಲಿ ಗೆರೆ ಕಂಡಿತು.

ಅರ್ಜಿ ಹಿಡಿದುಕೊಂಡು ನಾನೇ ಹೋದೆ. ಬಾಡಿಗೆಯ ಕೋಣೆಯಲ್ಲಿ ಸಿಸ್ಟರ್ ಇರಲಿಲ್ಲ. ಪ್ಲಾಟಿನಲ್ಲಿ ಸಿಕ್ಕರು. ಛಾವಣಿಯಿಲ್ಲದ ಗೋಡೆಗಳ ನಡುವೆ, ಅಡುಗೆಮನೆಯಾಗಬೇಕಿದ್ದ ಜಾಗದಲ್ಲಿ ಹೀರೆಬಳ್ಳಿ ಹಬ್ಬಿಸಿದ್ದರು. ಕಿಟಕಿಯ ಕಂಡಿಯಿಂದ ಬಳ್ಳಿ ಹೊರಗೆ ಇಳಿದಿತ್ತು. ನನ್ನನ್ನು ಕಂಡು, “ಬರ್ರಿ ಅಣ್ಣಾರ, ಒಳಗ ಬರ್ರಿ” ಎಂದರು. ಯಾವ ಒಳಗೆ? ನಾನು ಬಾಗಿಲಿಲ್ಲದ ಬಾಗಿಲಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ನೆತ್ತಿಯ ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು.

ವಿಷಯ ಹೇಳಿದೆ. ಅವರು ಓದಿದರು. ನನ್ನ ಹೆಸರು ಬರೆಯಿರಿ ಎಂದು ಈ ಸಲ ಹೇಳಬೇಕೆಂದುಕೊಂಡೇ ಹೋಗಿದ್ದೆ. ಅದರ ಬದಲು, ಹೀರೆಬಳ್ಳಿ ಚೆನ್ನಾಗಿ ಹಬ್ಬಿದೆ ಎಂದೆ. ನಿವೃತ್ತಿಗೆ ಆಗ ಇನ್ನೂ ಒಂದೂವರೆ ವರ್ಷವಿತ್ತು. ಅವರು ನನ್ನ ಮುಖವನ್ನು ಒಮ್ಮೆ ನೋಡಿದರು. ರೋಗಿ ಸುಳ್ಳು ಹೇಳುವ ಮೊದಲೇ ಗೊತ್ತಾಗುವ ನರ್ಸಿನ ಕಣ್ಣು ಅದು. ಕಾಗದವನ್ನು ಇಟ್ಟಿಗೆಯ ಮೇಲಿಟ್ಟು, ದುಂಡಗಿನ ಅಕ್ಷರದಲ್ಲಿ ಒಂದು ಸಾಲು ಬರೆದು ಕೊಟ್ಟರು. ಹೋಗುವಾಗ ನಾಲ್ಕು ಹೀರೆಕಾಯಿ ಹರಿದು ಕೈಗಿಟ್ಟರು. ಬೇಡ ಎನ್ನಲು ಈ ಸಲವೂ ನನ್ನಿಂದ ಆಗಲಿಲ್ಲ.

‘ಭಾಲ್ಕಿ ಶಾಖೆಯ ಗೋಡೆಯ ಮೇಲಿನ ಫೋಟೊ ನೋಡಿ’ ಎಂದು ಬರೆದಿದ್ದರು. ಹೆಸರಿಲ್ಲ.

‘ಕಲಂ ಹನ್ನೊಂದನ್ನು ಪೂರ್ಣಗೊಳಿಸಿ ಮರುಸಲ್ಲಿಸಲಾಗಿದೆ’ ಎಂದು ಮೇಲ್ಪತ್ರ ಬರೆದು, ಕೆಳಗೆ ನನ್ನ ಸಹಿ ಹಾಕಿ ಕಳಿಸಿದೆ. ಅರ್ಜಿ ಕ್ರಮಬದ್ಧವಾಗಿದೆ ಎಂದು ಉತ್ತರ ಬಂತು. ನಾನು ನಿವೃತ್ತನಾದೆ. ಪಿಂಚಣಿ ತಿಂಗಳ ಮೊದಲ ವಾರದಲ್ಲಿ ತಪ್ಪದೆ ಬರುತ್ತದೆ. ಸಿಸ್ಟರ್ ಅವರ ಗೋಡೆಗಳ ಮೇಲೆ ಈ ಮಳೆಗಾಲ ಹಾವಸೆ ಕಟ್ಟಿದೆ. ಫೋಟೊ ಭಾಲ್ಕಿಯಲ್ಲಿ ನಾನೇ ಹಾಕಿದ ಮೊಹರಿನ ಹಿಂದೆ, ಪಂಚನಾಮೆಯ ಒಂದು ಕ್ರಮಸಂಖ್ಯೆಯಾಗಿ, ಗೋಡೆಯ ಮೇಲೇ ಇದೆ. ಆ ಅರ್ಜಿ ಇಲ್ಲಿಯವರೆಗೆ ಎಷ್ಟೋ ಮೇಜು ದಾಟಿದೆ, ಎಷ್ಟೋ ಜನ ಅದರ ಮೇಲೆ ಸಹಿ ಹಾಕಿದ್ದಾರೆ. ಯಾರ ಫೋಟೊ ಎಂದು ಒಬ್ಬರೂ ಕೇಳಿಲ್ಲ. ನಾನೂ ಹೇಳಿಲ್ಲ.